ಮನೆತೆರಿಗೆಯೂ ಊರಿನ ಸ್ವಾಯತ್ತತೆಯೂ

ಊರಿನ ಆಯವ್ಯಯದ ಅಂದಾಜುಪಟ್ಟಿಯು ಆ ಊರಿನವರ ವಿವೇಕಕ್ಕೆ ಹಿಡಿದ ಕನ್ನಡಿಯೆಂಬುದು ನಿರ್ವಿವಾದವಾದ ಮಾತು. ಆದರೆ ನಮ್ಮ ಕರಾವಳಿಯ ಸಣ್ಣ ಪಟ್ಟಣಗಳಲ್ಲಿ ಈ ಕನ್ನಡಿಯನ್ನು ನೋಡುವವರು ವಿರಳ. ಪ್ರತಿ ವರ್ಷವೂ ಎಪ್ರಿಲ್ ಒಂದನೆಯ ತಾರೀಕಿಗೆ ಮುಂಚೆ ಸಭೆ ಕೂಡುತ್ತದೆ. ಅಂಕೆಗಳ ಪುಸ್ತಕವೊಂದು ಸದಸ್ಯರ ಕೈಗೆ ಬರುತ್ತದೆ. ಅದನ್ನು ಓದಿ ಮುಗಿಸುವಷ್ಟು ಹೊತ್ತು ಕಳೆಯುವುದರೊಳಗೆ ಅಂಗೀಕಾರವೂ ಆಗಿಬಿಡುತ್ತದೆ. ಮರುದಿನ ಪತ್ರಿಕೆಗಳಲ್ಲಿ ಇಷ್ಟು ಲಕ್ಷ ಉಳಿತಾಯವೆಂಬ ಒಂದು ಸಾಲು ಕಾಣುತ್ತದೆ. ಪೌರರು ಅದನ್ನು ಓದಿ ಹಾಳೆ ಮಗುಚುತ್ತಾರೆ. ಅದೇ ಪೌರರು ತಿಂಗಳೊಪ್ಪತ್ತಿನಲ್ಲಿ ಮನೆತೆರಿಗೆಯ ಚೀಟಿ ಕೈಗೆ ಬಂದಾಗ, ಈ ಹಣವನ್ನು ಯಾರು, ಯಾವ ಅಧಿಕಾರದಿಂದ ಕೇಳುತ್ತಾರೆಂದು ರೇಗುತ್ತಾರೆ. ಅಂದಾಜುಪಟ್ಟಿಯೂ ತೆರಿಗೆಯ ಚೀಟಿಯೂ ಒಂದೇ ಕರಾರಿನ ಎರಡು ಪ್ರತಿಗಳೆಂಬುದು ಸಭೆಯವರಿಗೂ ತಿಳಿದಂತಿಲ್ಲ, ತೆರುವವರಿಗೂ ತಿಳಿದಂತಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮಹಾಜನರು ಈ ಕರಾರನ್ನು ಒಮ್ಮೆ ಬಿಚ್ಚಿ ಓದಬೇಕಾದ ಕಾಲ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಊರಿನ ಬೊಕ್ಕಸಕ್ಕೆ ಹಿಂದೆ ಯಾವ ಯಾವ ದಾರಿಗಳಿದ್ದುವು, ಈಗ ಎಷ್ಟು ಉಳಿದಿವೆಯೆಂಬುದನ್ನು ನೋಡೋಣ. ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ವೃತ್ತಿತೆರಿಗೆಯನ್ನು ವಿಧಿಸಿ ವಸೂಲು ಮಾಡುವ ಅಧಿಕಾರವು ಸ್ಥಳಿಕ ಸಂಸ್ಥೆಗಳಿಗಿತ್ತು. ವಕೀಲನೂ ವ್ಯಾಪಾರಿಯೂ ತಾನು ಗಳಿಸುವ ಊರಿಗೆ ತನ್ನ ಗಳಿಕೆಯ ಒಂದು ಅಲ್ಪಾಂಶವನ್ನು ಕೊಡುತ್ತಿದ್ದನು. 1976ರ ಶಾಸನದಿಂದ ಅದು ರಾಜ್ಯ ಸರಕಾರದ ಕೈ ಸೇರಿತು. ಮೈಸೂರು, ಮುಂಬಯಿ ಪ್ರಾಂತಗಳಿಂದ ಬಂದ ಊರುಗಳ ಪ್ರಧಾನ ಆದಾಯವಾಗಿದ್ದ ಆಕ್ಟ್ರಾಯ್ ಸುಂಕವು 1979ರಲ್ಲಿ ರದ್ದಾಯಿತು. ಬೀದಿಯ ಫಲಕಗಳ ಮೇಲಣ ಜಾಹೀರಾತು ತೆರಿಗೆಯು 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಹೊಟ್ಟೆಯಲ್ಲಿ ಅಡಗಿಹೋಯಿತು. ಹೀಗೆ ಒಂದೊಂದಾಗಿ ಬಾಗಿಲುಗಳು ಮುಚ್ಚುತ್ತ ಬಂದು, ಊರು ತನ್ನ ಹೆಸರಿನಲ್ಲಿ ವಿಧಿಸಬಹುದಾದ ಗಣ್ಯವಾದ ತೆರಿಗೆಯೆಂದರೆ ಮನೆ, ಅಂಗಡಿ, ನಿವೇಶನಗಳ ಮೇಲಿನ ಆಸ್ತಿತೆರಿಗೆಯೊಂದೇ ಎಂಬಂತಾಗಿದೆ. ನೀರಿನ ದರ, ಅಂಗಡಿ ಪರವಾನಿಗೆಯ ಶುಲ್ಕ, ಸಂತೆಯ ಬಾಡಿಗೆ ಇವುಗಳೂ ಬರುತ್ತವೆ, ನಿಜ. ಆದರೆ ಅವು ಕೊಟ್ಟ ವಸ್ತುವಿಗೆ ಬೆಲೆ ಅಥವಾ ಕೊಟ್ಟ ಅನುಮತಿಗೆ ದಕ್ಷಿಣೆ. ಊರಿನ ಸಾಮೂಹಿಕ ಜೀವನಕ್ಕಾಗಿ ಊರವರು ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಹೊರೆಯೆಂಬ ಗೌರವವು ಉಳಿದಿರುವುದು ಆಸ್ತಿತೆರಿಗೆಗೆ ಮಾತ್ರ.

ಆ ಒಂದು ತೆರಿಗೆಯಲ್ಲಾದರೂ ಊರಿನ ಸ್ವಾತಂತ್ರ್ಯವೆಷ್ಟು? ಆಸ್ತಿಯ ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಆ ಬೆಲೆಯಲ್ಲಿ ಎಷ್ಟಂಶದ ಮೇಲೆ, ಯಾವ ಮಿತಿಯೊಳಗೆ ತೆರಿಗೆ ವಿಧಿಸಬೇಕೆಂಬುದನ್ನು ಹೇಳುವುದು 1964ರ ಕರ್ನಾಟಕ ಪೌರಸಭೆಗಳ ಶಾಸನ. ಹಿಂದೆ 2005-06ರಿಂದ ಮೂರು ವರ್ಷಗಳಿಗೊಮ್ಮೆ ನೂರಕ್ಕೆ 15ಕ್ಕೆ ಕಡಿಮೆಯಾಗದಂತೆ ತೆರಿಗೆಯನ್ನು ಏರಿಸಬೇಕೆಂಬ ಕಟ್ಟಳೆಯಿತ್ತು. ಆಮೇಲೆ ಬಂದ ತಿದ್ದುಪಡಿಯು 2021-22ರಿಂದ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿ ಹಿಡಿದು, ವರ್ಷಕ್ಕೆ ನೂರಕ್ಕೆ 3ರಿಂದ 5ರ ವರೆಗೆ ಏರಿಸುವ ಕ್ರಮವನ್ನು ತಂದಿತು. ಹದಿನೈದನೆಯ ಹಣಕಾಸು ಆಯೋಗವೂ 2021ರಿಂದ 2026ರ ವರೆಗಿನ ತನ್ನ ಅನುದಾನಗಳಿಗೆ ಒಂದು ಷರತ್ತನ್ನು ಹಾಕಿತ್ತು: ಆಸ್ತಿತೆರಿಗೆಯ ಕನಿಷ್ಠ ದರವನ್ನು ರಾಜ್ಯವು ಪ್ರಕಟಿಸಬೇಕು, ವಸೂಲಾತಿಯು ರಾಜ್ಯದ ಉತ್ಪನ್ನದ ಬೆಳವಣಿಗೆಗೆ ಸರಿಯಾಗಿ ಏರಬೇಕು, ಇಲ್ಲವಾದರೆ ಅನುದಾನವಿಲ್ಲ. ಬುಡವನ್ನು ಒಂದು ಇಲಾಖೆ ಹಿಡಿದಿದೆ, ತುದಿಯನ್ನು ಶಾಸನ ಹಿಡಿದಿದೆ, ನಡುವಿನ ಒಂದು ಗೇಣು ಮಾತ್ರ ಊರಿನ ಸಭೆಗೆ ಬಿಟ್ಟಿದೆ.

ಆ ಒಂದು ಗೇಣಿನ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ 2,000 ರೂಪಾಯಿ ತೆರಿಗೆಯಿರುವ ಒಂದು ಸಾಧಾರಣ ಮನೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ನೂರಕ್ಕೆ 3ರಂತೆ ಮೂರು ವರ್ಷ ಏರಿದರೆ ಅದು 2,185 ರೂಪಾಯಿಯಾಗುತ್ತದೆ. ನೂರಕ್ಕೆ 5ರಂತೆ ಏರಿದರೆ 2,315 ರೂಪಾಯಿ. ಹಳೆಯ ಕ್ರಮದಲ್ಲಿ ಮೂರನೆಯ ವರ್ಷಕ್ಕೆ ಒಮ್ಮೆಲೇ 2,300 ರೂಪಾಯಿ ಆಗುತ್ತಿತ್ತು. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಮೂರನೆಯ ವರ್ಷದಲ್ಲಿ 130 ರೂಪಾಯಿಯ ಅಂತರ. ಈ 130 ರೂಪಾಯಿಯ ಮೇಲೆ ಸಭೆಗಳಲ್ಲಿ ಮೇಜು ಕುಟ್ಟುವವರು, ಎಪ್ರಿಲ್ ತಿಂಗಳಲ್ಲಿ ಹಣ ಕಟ್ಟಿದರೆ ನೂರಕ್ಕೆ 5ರ ರಿಯಾಯಿತಿಯಿಂದ ಇಂಥ ಮನೆಗೆ 100 ರೂಪಾಯಿ ಮಿಗುತ್ತದೆಂಬುದನ್ನೂ, ಜೂನ್ ಕಳೆದ ಮೇಲೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ ಬಿದ್ದು ಅದು ವರ್ಷಕ್ಕೆ ನೂರಕ್ಕೆ 24ರ ಬಡ್ಡಿಯಾಗುತ್ತದೆಂಬುದನ್ನೂ ಊರವರಿಗೆ ತಿಳಿಯಹೇಳಿದರೆ ಹೆಚ್ಚು ಉಪಕಾರವಾದೀತು. ತೆರಿಗೆಯ ಚೀಟಿಯಲ್ಲಿರುವ ಮೊತ್ತವೆಲ್ಲ ಊರಿನದೂ ಅಲ್ಲ. ಗ್ರಂಥಾಲಯಕ್ಕೆ ನೂರಕ್ಕೆ 6, ಭಿಕ್ಷುಕರ ಪರಿಹಾರಕ್ಕೆ ನೂರಕ್ಕೆ 3 ಎಂಬ ಕರಗಳನ್ನು ಊರು ವಸೂಲು ಮಾಡಿ ಬೇರೆಯವರಿಗೆ ಒಪ್ಪಿಸಬೇಕು. ವಸೂಲಿನ ಅಪವಾದ ಊರಿಗೆ, ಹಣ ಮತ್ತೊಬ್ಬರಿಗೆ.

ಇನ್ನು ವೆಚ್ಚದ ಮಾತು. ಕುಂದಾಪುರವು ಮೂರು ದಿಕ್ಕುಗಳಲ್ಲಿ ನೀರಿರುವ ಊರು. ಪಂಚಗಂಗಾವಳಿಯ ಹಿನ್ನೀರು ಒಂದೆಡೆ, ಕೋಡಿಯ ಕಡಲು ಒಂದೆಡೆ. ಆದರೂ ಕುಡಿಯುವ ನೀರನ್ನು ಒಳನಾಡಿನ ಹೊಳೆಯಿಂದ ತಂದು, ಸೋಸಿ, ಕೊಳವೆಯಲ್ಲಿ ಹರಿಸಬೇಕು; ಬಾವಿಗಳಲ್ಲಿ ಉಪ್ಪುನೀರು ಏರುವ ಬೇಸಗೆಯ ತಿಂಗಳುಗಳಲ್ಲಿ ಅದೊಂದೇ ಗತಿ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನಡೆದ ಜಲಸಿರಿ ಯೋಜನೆಯಲ್ಲಿ ಮಂಗಳೂರು, ಉಡುಪಿ, ಪುತ್ತೂರುಗಳೊಡನೆ ಕುಂದಾಪುರವೂ ಸೇರಿತು. ಕೊಳವೆ ಹಾಕುವುದಕ್ಕೆ ಸಾಲ ಸಿಕ್ಕೀತು. ಪಂಪು ನಡೆಸುವುದಕ್ಕೆ, ಒಡೆದ ಕೊಳವೆಯನ್ನು ಬೆಸೆಯುವುದಕ್ಕೆ, ಮೀಟರು ನೋಡುವವನಿಗೆ ಸಂಬಳ ಕೊಡುವುದಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಒಳಚರಂಡಿಯ ಯೋಜನೆಯು ವರ್ಷಗಟ್ಟಲೆ ಕುಂಟಿದ್ದನ್ನು ಊರವರೆಲ್ಲರೂ ಕಂಡಿದ್ದಾರೆ. ಮಳೆಗಾಲದಲ್ಲಿ ತೋಡುಗಳು ಕಟ್ಟಿಕೊಂಡು ಹೊಲಸುನೀರು ಅಂಗಳಕ್ಕೆ ನುಗ್ಗಿದಾಗ, ಬೆಂಗಳೂರಿನಿಂದ ಬರುವ ಆದೇಶಕ್ಕಾಗಿ ಕಾಯುವಂತಿಲ್ಲ. ಮೇ ತಿಂಗಳ ಕೊನೆಯೊಳಗೆ ಆಳುಗಳನ್ನು ಇಟ್ಟು ಹೂಳೆತ್ತಿಸಬೇಕು. ಮಾಡಿಗೆ ಹೆಂಚು ಹೊದಿಸುವವನು ಗುಡುಗು ಕೇಳಿದ ಮೇಲೆ ಏಣಿ ಹುಡುಕುವುದಿಲ್ಲ. ಇಂಥ ಕೆಲಸಗಳೇ ಊರಿನ ನಿಜವಾದ ವೆಚ್ಚ. ಇವುಗಳಿಗೆ ಬೇಕಾದುದು ಊರಿನ ಸ್ವಂತ ಹಣ.

ಸರಕಾರದ ಅನುದಾನಗಳಿವೆಯಲ್ಲವೆ ಎಂದು ಕೇಳುವವರುಂಟು. ಅವು ಇವೆ, ಅವುಗಳಿಲ್ಲದೆ ಪೌರನೌಕರರ ಸಂಬಳವೂ ಬೀದಿದೀಪದ ವಿದ್ಯುತ್ತಿನ ಬಾಕಿಯೂ ಸಂದಾಯವಾಗುವುದು ಕಷ್ಟ. ಆದರೆ ಅನುದಾನಕ್ಕೆ ಹಗ್ಗ ಕಟ್ಟಿರುತ್ತದೆ. ಹದಿನೈದನೆಯ ಹಣಕಾಸು ಆಯೋಗವು ಹತ್ತು ಲಕ್ಷಕ್ಕೆ ಕಡಿಮೆ ಜನಸಂಖ್ಯೆಯ ಊರುಗಳಿಗೆ ಗೊತ್ತುಮಾಡಿದ ಹಣದಲ್ಲಿ ನೂರಕ್ಕೆ 60 ಅಂಶವನ್ನು ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಮೀಸಲಿಟ್ಟು, ಉಳಿದ 40 ಅಂಶವನ್ನು ಮಾತ್ರ ಊರಿನ ಇಷ್ಟಕ್ಕೆ ಬಿಟ್ಟಿತ್ತು. ಆ ಮೀಸಲು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕೈಯೊಡ್ಡಿ ಪಡೆದ ಹಣದಲ್ಲಿ ಕೊಟ್ಟವನ ಮಾತು ಮೊದಲು, ಪಡೆದವನ ಮಾತು ಆಮೇಲೆ. ಊರು ತನ್ನ ಮಾತನ್ನು ಮೊದಲು ಆಡಬೇಕಾದರೆ ತನ್ನ ಹಣ ಅದಕ್ಕಿರಬೇಕು. ಆಸ್ತಿತೆರಿಗೆಯನ್ನು ನಾವು ಸಮರ್ಥಿಸುವುದು ಈ ಕಾರಣಕ್ಕಾಗಿ.

ಹೀಗೆಂದ ಮೇಲೆ ಎರಡನೆಯ ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳದೆ ವಿಧಿಯಿಲ್ಲ. ತೆರಿಗೆಯನ್ನು ವಿಧಿಸುವ ಅಧಿಕಾರವು ತೆರುವವರಿಂದ ಆರಿಸಲ್ಪಟ್ಟವರಿಗೆ ಸೇರಿದ್ದು. ಕುಂದಾಪುರದಲ್ಲಿ ಏನಾಯಿತೆಂಬುದನ್ನು ವಾಚಕರು ಬಲ್ಲರು. 2018ರ ಆಗಸ್ಟಿನಲ್ಲಿ ಜನರು ಮತ ಕೊಟ್ಟು 23 ಮಂದಿಯನ್ನು ಆರಿಸಿದರು. ಅಧ್ಯಕ್ಷ, ಉಪಾಧ್ಯಕ್ಷ ಪದವಿಗಳ ಮೀಸಲಾತಿಯ ತಕರಾರು ನ್ಯಾಯಾಲಯದಲ್ಲಿದ್ದುದರಿಂದ, ಗೆದ್ದವರು ಎರಡು ವರ್ಷಕ್ಕೂ ಮಿಕ್ಕು ಅಧಿಕಾರವಿಲ್ಲದೆ ಕಾದು, 2020ರ ಕೊನೆಗೆ ಅಧ್ಯಕ್ಷರನ್ನು ಕಂಡರು. ಮೊದಲ ಅವಧಿಯು 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿಯು ಪ್ರಕಟವಾದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಯ ಸಹಿಯೇ ಸಭೆಯ ಠರಾವು. ಇದು ಕುಂದಾಪುರವೊಂದರ ದುರ್ದೈವವೂ ಅಲ್ಲ. ರಾಜ್ಯದ ಎಷ್ಟೋ ಪೌರಸಭೆಗಳ ಪಾಡು ಇದೇ ಆಗಿತ್ತು. ಸಂವಿಧಾನದ 243ಯು ವಿಧಿಯು ಪೌರಸಭೆಯ ಆಯುಷ್ಯವನ್ನು ಐದು ವರ್ಷವೆಂದು ಗೊತ್ತುಮಾಡಿ, ಅದು ಮುಗಿಯುವ ಮುಂಚೆಯೇ ಮುಂದಿನ ಚುನಾವಣೆ ನಡೆಯಬೇಕೆಂದು ಹೇಳುತ್ತದೆ. ಸಕಾಲಕ್ಕೆ ಚುನಾವಣೆ ನಡೆಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಸಾರಿತು. ಶಾಸನಕ್ಕೂ ಆಚರಣೆಗೂ ನಡುವೆ ಇಷ್ಟು ಅಂತರವಿರುವಲ್ಲಿ, ತೆರಿಗೆಯನ್ನು ಕೊಡುವವನ ಮನಸ್ಸಿನಲ್ಲಿ ಕಹಿ ಹುಟ್ಟಿದರೆ ಅದಕ್ಕೆ ಅವನನ್ನು ದೂರಿ ಪ್ರಯೋಜನವೇನು?

ಅಧಿಕಾರಿಗಳಲ್ಲಿ ದಕ್ಷರಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಆಡಳಿತಾಧಿಕಾರಿಯ ಕಾಲದಲ್ಲಿ ಜಗಳವಿಲ್ಲದೆ ಕೆಲಸ ಸಾಗುತ್ತದೆಂದು ಹೇಳುವವರನ್ನೂ ನಾವು ಬಲ್ಲೆವು. ಆದರೆ ಉಪವಿಭಾಗದ ಭೂವ್ಯವಹಾರ, ಚುನಾವಣೆ, ನೆರೆಹಾವಳಿ, ಮೊಕದ್ದಮೆಗಳ ನಡುವೆ ಬಿಡುವು ಮಾಡಿಕೊಂಡು ಪೌರಸಭೆಯ ಕಾಗದಗಳನ್ನು ನೋಡುವ ಅಧಿಕಾರಿಯು, ಖಾರ್ವಿಕೇರಿಯ ಯಾವ ಓಣಿಯಲ್ಲಿ ದೀಪವಿಲ್ಲವೆಂದು ತಿಳಿಯುವುದು ಹೇಗೆ? ತಿಳಿದರೂ, ಆ ದೀಪವನ್ನು ಬಿಟ್ಟು ಬೇರೊಂದಕ್ಕೆ ಹಣ ಹಾಕಿದನೆಂದು ಅವನನ್ನು ಕೇಳುವವರು ಯಾರು? ವರ್ಗಾವಣೆಯ ಆದೇಶ ಬಂದ ದಿನ ಅವನ ಹೊಣೆ ಮುಗಿಯುತ್ತದೆ. ಸದಸ್ಯನಾದರೋ ತಾನು ಏರಿಸಿದ ತೆರಿಗೆಯ ಊರಿನಲ್ಲಿಯೇ ಬಾಳಬೇಕು, ಮರಳಿ ಮತ ಬೇಡಬೇಕು. ಸಭೆಯ ಜಗಳವೆಂಬುದು ಸ್ವಾಯತ್ತತೆಯು ಕೊಡಬೇಕಾದ ಬೆಲೆ. ಆ ಬೆಲೆ ದುಬಾರಿಯಲ್ಲ.

ನಮ್ಮ ಕರಾವಳಿಗೆ ಕರದ ವಿಷಯದಲ್ಲಿ ದೊಡ್ಡ ಚರಿತ್ರೆಯಿದೆ. 1830-31ರಲ್ಲಿ ಕನ್ನಡ ಜಿಲ್ಲೆಯ ರೈತರು ಕೂಟ ಕೂಡಿ ಕಂಪೆನಿ ಸರಕಾರದ ಕಂದಾಯದ ಹೊರೆಯನ್ನು ಪ್ರತಿಭಟಿಸಿದರು. ಒಂದು ಶತಮಾನದ ಮೇಲೆ ನೆರೆಯ ಅಂಕೋಲೆ, ಸಿದ್ದಾಪುರಗಳ ಜನರು ಕರನಿರಾಕರಣೆಯ ವ್ರತ ಹಿಡಿದು ಹೊಲಮನೆಗಳ ಜಪ್ತಿಯನ್ನು ಸಹಿಸಿದರು. ತಾವು ಆರಿಸದ ಸರಕಾರಕ್ಕೆ ಕೊಡುವುದಿಲ್ಲವೆಂಬುದು ಆ ವ್ರತದ ತಿರುಳು. ಆ ವ್ರತದ ಮತ್ತೊಂದು ಮುಖವನ್ನು ನಾವು ಮರೆತಿದ್ದೇವೆ: ತಾವು ಆರಿಸಿದ ಸಭೆಗೆ ಕೊಡಲೇಬೇಕು. ಅಂದಿನ ನಾಯಕರು ಇದನ್ನು ಬಲ್ಲವರಾಗಿದ್ದರು. ರಾಜಗೋಪಾಲಾಚಾರ್ಯರು ಸೇಲಂ ಪೌರಸಭೆಯ ಅಧ್ಯಕ್ಷತೆಯನ್ನು ವಹಿಸಿದ್ದರು. ವಲ್ಲಭಭಾಯಿ ಪಟೇಲರು 1924ರಿಂದ 1928ರ ವರೆಗೆ ಅಹಮದಾಬಾದಿನ ಪೌರಸಭೆಯನ್ನು ನಡೆಸಿದರು. ಜವಾಹರಲಾಲರು ಅಲಹಾಬಾದಿನಲ್ಲಿ ಅದೇ ಕೆಲಸ ಮಾಡಿದರು. ಬಾರ್ಡೋಲಿಯಲ್ಲಿ ಕಂದಾಯ ಕೊಡಬೇಡಿರೆಂದು ರೈತರನ್ನು ಎಬ್ಬಿಸಿದ ಪಟೇಲರೇ ಊರಿನ ತೆರಿಗೆ, ನೀರು, ಚರಂಡಿಗಳ ಲೆಕ್ಕವನ್ನೂ ನೋಡಿದವರು. ಇವೆರಡರಲ್ಲಿ ವಿರೋಧವಿಲ್ಲ. ದೇಶದ ಸ್ವಾತಂತ್ರ್ಯಕ್ಕೆ ಬುನಾದಿಯು ಊರಿನ ಆಡಳಿತವೆಂದು ತಿಳಿದವರು ಚರಂಡಿಯ ಲೆಕ್ಕವನ್ನು ಕೀಳೆಂದು ಎಣಿಸಲಿಲ್ಲ.

ಈ ಮಾತುಗಳು ಬೈಂದೂರಿಗೆ ವಿಶೇಷವಾಗಿ ಅನ್ವಯಿಸುತ್ತವೆ. 2018ರಲ್ಲಿ ಕುಂದಾಪುರದಿಂದ ಬೇರೆಯಾಗಿ ತಾಲೂಕಾದ ಬೈಂದೂರು, ಆಮೇಲೆ ಸುತ್ತಲಿನ ಯಡ್ತರೆ, ಪಡುವರಿ, ತಗ್ಗರ್ಸೆಗಳನ್ನು ಕೂಡಿಸಿಕೊಂಡು ಪಟ್ಟಣ ಪಂಚಾಯತಿಯಾಯಿತು. ಹೊಸ ಪಟ್ಟಣಕ್ಕೆ ಹೆಸರು ಬಂತು, ಕಚೇರಿ ಬಂತು, ತೆರಿಗೆಯ ಪಟ್ಟಿ ಬಂತು. ಚುನಾಯಿತ ಸಭೆ ಮಾತ್ರ ವರ್ಷಗಟ್ಟಲೆ ಬರಲಿಲ್ಲ. ಪೇಟೆಯ ಎರಡು ಬೀದಿಗಳನ್ನು ದಾಟಿದರೆ ಬೈಲು, ಗುಡ್ಡೆ, ಕಾಡಂಚು. ಅಲ್ಲಿರುವವನು ಗದ್ದೆ ಉಳುವವನು, ದನ ಸಾಕುವವನು. ಶಾಸನದ ಪ್ರಕಾರ ಪಟ್ಟಣ ಪಂಚಾಯತಿಯೆನಿಸಲು ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಜನರೂ, ಕೃಷಿಯನ್ನು ಬಿಟ್ಟು ಬೇರೆ ಉದ್ಯೋಗದಲ್ಲಿರುವವರು ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಇರಬೇಕು. ಗ್ರಾಮಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದಾಗ ಪೇಟೆಯ ಅಂಗಡಿಕಾರನ ಲೆಕ್ಕದಲ್ಲಿ ಕಾಡಂಚಿನ ರೈತನೂ ಪಟ್ಟಣಿಗನಾಗಿಬಿಡುತ್ತಾನೆ. ಗ್ರಾಮೀಣ ಭಾಗಗಳನ್ನು ಪಟ್ಟಣದಿಂದ ಕೈಬಿಡಬೇಕೆಂದು 2025ರಲ್ಲಿ ಅಲ್ಲಿನ ರೈತರು ಧರಣಿ ಕುಳಿತದ್ದು ಈ ಕಾರಣದಿಂದ. ಗ್ರಾಮೀಣ ಉದ್ಯೋಗದ ಖಾತರಿ ಪಟ್ಟಣದಲ್ಲಿಲ್ಲ. ಸಾಗುವಳಿ ಭೂಮಿಯ ಸಕ್ರಮಕ್ಕೆ ಪಟ್ಟಣದ ಮಿತಿಯು ಅಡ್ಡಿಯಾಗುತ್ತದೆ. ತೆರಿಗೆಯೋ ಪಟ್ಟಣದ ರೀತಿಯದು.

ಅವರು ಕಳೆದುಕೊಂಡದ್ದು ಇನ್ನೊಂದಿದೆ; ಅದನ್ನು ಕುರಿತು ಮಾತನಾಡಿದವರು ಕಡಿಮೆ. ಗ್ರಾಮ ಪಂಚಾಯತಿಯಲ್ಲಿ ಗ್ರಾಮಸಭೆಯುಂಟು, ವಾರ್ಡುಸಭೆಯುಂಟು. ಶಾಲೆಯ ಜಗಲಿಯಲ್ಲಿ ಕುಳಿತು, ನಮ್ಮ ಕಾಲುಸಂಕದ ಹಣ ಏನಾಯಿತೆಂದು ಯಾವ ಕೂಲಿಯವನೂ ಎದ್ದುನಿಂತು ಕೇಳಬಹುದು. 1993ರ ಪಂಚಾಯತ್ ರಾಜ್ ಶಾಸನವು ಆ ಹಕ್ಕನ್ನು ಅವನಿಗೆ ಕೊಟ್ಟಿದೆ. ಊರು ಪಟ್ಟಣವಾದ ದಿನ ಗ್ರಾಮಸಭೆ ಇಲ್ಲವಾಗುತ್ತದೆ. ಸಂವಿಧಾನವು ವಾರ್ಡುಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮಾತ್ರ. ಆದುದರಿಂದ ಹಳ್ಳಿಯವನಿಗೆ ಗ್ರಾಮಸಭೆಯುಂಟು, ಮಹಾನಗರದವನಿಗೆ ವಾರ್ಡುಸಮಿತಿಯುಂಟು, ಸಣ್ಣ ಪಟ್ಟಣದವನಿಗೆ ಸಂವಿಧಾನವು ಖಚಿತಪಡಿಸಿದ ಅಂಥ ಕೂಟವಿಲ್ಲ. ಚುನಾಯಿತ ಸಭೆಯೂ ಇಲ್ಲದಿದ್ದರೆ ಕೇಳುವ ಬಾಯಿಯೇ ಕಟ್ಟಿದಂತೆ. ತೆರಿಗೆ ಹೆಚ್ಚಿ ಪ್ರಶ್ನಿಸುವ ಹಕ್ಕು ಕುಗ್ಗುವುದನ್ನು ಅಭಿವೃದ್ಧಿಯೆಂದು ಕರೆಯಲು ನಾವು ಒಪ್ಪೆವು.

ಬ್ರಹ್ಮಾವರದವರು ಬೈಂದೂರಿನ ಈ ಅನುಭವದಿಂದ ಪಾಠ ಕಲಿಯುವುದು ಒಳ್ಳೆಯದು. ಉಡುಪಿ ತಾಲೂಕಿನಿಂದ 2018ರಲ್ಲಿ ಬೇರೆಯಾದ ಈ ತಾಲೂಕಿನ ಕೇಂದ್ರವು ಹೆದ್ದಾರಿಯ ಎರಡು ಬದಿಗಳಲ್ಲಿ ಬೆಳೆದ ಊರು. ವಾರಂಬಳ್ಳಿ, ಹಂದಾಡಿ, ಚಾಂತಾರು, ಹಾರಾಡಿಗಳಲ್ಲಿ ಹರಡಿದ ಪೇಟೆಗೆ ಒಂದೇ ಪೌರಾಡಳಿತ ಬೇಕೆಂಬ ಬೇಡಿಕೆಯು ಬಹುಕಾಲದ್ದು. ಬೇಡಿಕೆ ನ್ಯಾಯವಾದದ್ದೇ. ಒಂದು ಪಂಚಾಯತಿಯ ಕಸವು ಮತ್ತೊಂದರ ತೋಡಿಗೆ ಬಿದ್ದಾಗ ಯಾರು ಎತ್ತಬೇಕೆಂಬ ವಾದವು ಅಲ್ಲಿಯವರಿಗೆ ಹೊಸತಲ್ಲ. ಅದೇ ತಾಲೂಕಿನ ಸಾಲಿಗ್ರಾಮದಲ್ಲಿ ಪಟ್ಟಣ ಪಂಚಾಯತಿ ಹಲವು ವರ್ಷಗಳಿಂದ ನಡೆದುಬಂದಿದೆ. ನೆರೆಯ ಕೋಟತಟ್ಟಿನಲ್ಲಿ ಒಂದು ಗ್ರಾಮ ಪಂಚಾಯತಿಯು ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕನ್ನು ನೋಡಿಕೊಂಡು ಬರುವಷ್ಟು ಸ್ವಂತ ಚೈತನ್ಯವನ್ನು ತೋರಿಸಿದೆ. ಊರಿನ ಯೋಗ್ಯತೆಯು ಹಲಗೆಯ ಮೇಲೆ ಬರೆದ ಹೆಸರಿನಿಂದ ಬರತಕ್ಕದ್ದಲ್ಲವೆಂಬುದಕ್ಕೆ ಇಷ್ಟು ಸಾಕು. ಪುರಸಭೆಯೋ ಪಟ್ಟಣ ಪಂಚಾಯತಿಯೋ ಎಂಬ ಚರ್ಚೆಗೆ ಮುಂಚೆ, ಗಡಿ ಎಲ್ಲಿ, ಗದ್ದೆಗಳು ಒಳಗೋ ಹೊರಗೋ, ಮೊದಲ ಚುನಾವಣೆ ಯಾವ ತಾರೀಕಿಗೆ ಎಂಬ ಮೂರು ಪ್ರಶ್ನೆಗಳಿಗೆ ಬ್ರಹ್ಮಾವರದವರು ಲಿಖಿತವಾದ ಉತ್ತರ ಪಡೆಯಬೇಕು.

ತೆರುವವರ ಕಡೆಯ ತಪ್ಪುಗಳನ್ನೂ ಮರೆಮಾಚುವುದು ಸರಿಯಲ್ಲ. ಆಸ್ತಿತೆರಿಗೆಯು ಸ್ವಯಂಘೋಷಣೆಯ ಪದ್ಧತಿಗೆ ಬಂದು ಇಪ್ಪತ್ತು ವರ್ಷಗಳು ಮಿಕ್ಕಿವೆ. ಮನೆಯ ಅಳತೆ, ಬಳಕೆಗಳನ್ನು ಮಾಲಿಕನೇ ಹೇಳಬೇಕೆಂಬ ಈ ಪದ್ಧತಿಯು ಪೌರನ ಪ್ರಾಮಾಣಿಕತೆಯ ಮೇಲೆ ಇಟ್ಟ ವಿಶ್ವಾಸ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಕೋಣೆಗಳಿರುವ ಕಟ್ಟಡವನ್ನು ವಾಸದ ಮನೆಯೆಂದು ತೋರಿಸುವವರು ಆ ವಿಶ್ವಾಸಕ್ಕೆ ದ್ರೋಹ ಮಾಡುತ್ತಾರೆ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ನೆಲೆಸಿದವರ ಬೀಗ ಹಾಕಿದ ಮನೆಗಳೂ ಬೇಲಿ ಬಿದ್ದ ನಿವೇಶನಗಳೂ ನಮ್ಮ ಊರುಗಳಲ್ಲಿ ಬಹಳ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಡುವ ಇವರು, ತಮ್ಮ ಮನೆಯ ಮುಂದಿನ ಚರಂಡಿಯ ಹಣವನ್ನು ಬಾಕಿ ನಿಲ್ಲಿಸುವುದು ಉಚಿತವೆ? ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ಕೊಟ್ಟು ತೆರಿಗೆಯ ಪಟ್ಟಿಗೆ ಸೇರಿಸುವ ಕಾರ್ಯವನ್ನು ರಾಜ್ಯ ಸರಕಾರವು 2025ರಲ್ಲಿ ಆರಂಭಿಸಿತು. ಪಟ್ಟಿಯೊಳಗೆ ಬಾರದವನ ಪಾಲನ್ನು ಪಟ್ಟಿಯೊಳಗಿರುವವನು ಹೊರುತ್ತಾನಾದುದರಿಂದ ಇದು ಅಗತ್ಯವೇ ಆಗಿತ್ತು. ಆದರೆ 9, 11ರ ನಮೂನೆಗಳಿಗಾಗಿ ಪಂಚಾಯತಿಯ ಮೆಟ್ಟಿಲು ಹತ್ತಿ ಸವೆದ ಬಡವನನ್ನು ಮತ್ತೆ ಹೊಸ ನಮೂನೆಗಾಗಿ ಅಲೆಯಿಸದಿರುವಷ್ಟು ಕನಿಕರವು ಕಚೇರಿಗಳಲ್ಲಿರಬೇಕು.

ದರವನ್ನು ಏರಿಸುವುದಕ್ಕಿಂತ ಪಟ್ಟಿಯನ್ನು ಸರಿಪಡಿಸುವುದು ಮೊದಲ ಕೆಲಸವೆಂದು ನಮ್ಮ ದೃಢವಾದ ಅಭಿಪ್ರಾಯ. ನೂರು ಮನೆಗಳಲ್ಲಿ ಎಂಭತ್ತು ಮನೆಗಳು ಮಾತ್ರ ತೆತ್ತರೆ, ಆ ಎಂಭತ್ತರ ಮೇಲೆ ನೂರಕ್ಕೆ 5 ಏರಿಸಿದಾಗ ಬರುವುದು ಎಂಭತ್ತನಾಲ್ಕರಷ್ಟು. ಬಿಟ್ಟ ಇಪ್ಪತ್ತರಲ್ಲಿ ಐದು ಮನೆಗಳನ್ನು ಹಿಡಿದರೆ ಎಂಭತ್ತೈದರಷ್ಟು ಬರುತ್ತದೆ. ಪ್ರಾಮಾಣಿಕನಿಗೆ ದಂಡ ಹಾಕದೆ ಬೊಕ್ಕಸ ತುಂಬುವ ದಾರಿ ಇದು. ಈ ದಾರಿಯಲ್ಲಿ ಸಭೆಯವರಿಗೆ ತಮ್ಮ ಬಂಧುಮಿತ್ರರ ಕಟ್ಟಡಗಳೂ ಎದುರಾದಾವು. ಆಗ ಅಳತೆಗೋಲು ಬಾಗದಿದ್ದರೆ ಮಾತ್ರ ದರ ಏರಿಸುವ ನೈತಿಕ ಅಧಿಕಾರ ಅವರಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡಬೇಕೆಂಬುದನ್ನು ಹೇಳುವುದು ನಮ್ಮ ಕರ್ತವ್ಯ. ಮೊದಲನೆಯದು, ಅಂದಾಜುಪಟ್ಟಿಯು ತಯಾರಾಗುವ ಮುಂಚೆ ನಾಗರಿಕರ ಸಭೆ ಕರೆಯುವ ಪದ್ಧತಿಯು ಹೆಸರಿಗೆ ಈಗಲೂ ಉಂಟು. ಅದು ಪುರಸಭೆಯ ಮೇಲಂತಸ್ತಿನಲ್ಲಿ, ಕೆಲಸದ ದಿನದ ಹನ್ನೊಂದು ಗಂಟೆಗೆ, ಹತ್ತಾರು ಪರಿಚಿತ ಮುಖಗಳೊಡನೆ ಮುಗಿಯಬಾರದು. ಪ್ರತಿ ವಾರ್ಡಿನಲ್ಲಿ, ಭಾನುವಾರ, ಶಾಲೆಯಲ್ಲಿ ನಡೆಯಬೇಕು. ಎರಡನೆಯದು, ಅಂದಾಜುಪಟ್ಟಿಯ ಪ್ರತಿಯೊಂದು ಬಾಬಿನ ಎದುರಿಗೂ ಮೂರು ಅಂಕೆಗಳಿರಬೇಕು: ಹಿಂದಿನ ವರ್ಷ ಅಂದಾಜು ಮಾಡಿದ್ದೆಷ್ಟು, ನಿಜವಾಗಿ ಬಂದದ್ದು ಅಥವಾ ಖರ್ಚಾದದ್ದೆಷ್ಟು, ಮುಂದಿನ ವರ್ಷಕ್ಕೆ ಎಷ್ಟು. ಅನುದಾನ ಬರುವುದೆಂದು ಕೋಟಿಗಳನ್ನು ಬರೆದು, ಬಾರದಿದ್ದಾಗ ಸುಮ್ಮನಾಗುವ ಚಮತ್ಕಾರವು ಈ ಮೂರು ಅಂಕೆಗಳ ಮುಂದೆ ನಿಲ್ಲಲಾರದು. ಮೂರನೆಯದು, ಸ್ವಂತ ತೆರಿಗೆಯ ಹಣವೆಷ್ಟು, ಅದು ಯಾವ ಬೀದಿಗೆ ಹೋಯಿತೆಂಬುದನ್ನು ಬೇರೆ ಪುಟದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ ತೆರಿಗೆಯ ಚೀಟಿಯೊಡನೆ ಮನೆಮನೆಗೆ ತಲುಪಿಸಬೇಕು. ನಾಲ್ಕನೆಯದು, ಹಳ್ಳಿಗಳನ್ನು ಸೇರಿಸಿ ಪಟ್ಟಣ ಮಾಡುವಲ್ಲಿ, ದೀಪ, ನೀರು, ಚರಂಡಿ ತಲುಪುವ ವರೆಗೆ ಕೃಷಿಕರ ಮನೆಗಳಿಗೆ ಶಾಸನವು ಬಿಡುವ ಅತ್ಯಂತ ಕಡಿಮೆ ದರವನ್ನೇ ಇಡಬೇಕು. ಐದನೆಯದು, ಚುನಾಯಿತ ಸಭೆಯಿಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯು ಶಾಸನದ ಕನಿಷ್ಠಕ್ಕಿಂತ ಒಂದು ಕಾಸನ್ನೂ ಏರಿಸಕೂಡದು.

ಇದರಿಂದ ಬೊಕ್ಕಸಕ್ಕೆ ನಷ್ಟವಾಗುವುದೆಂದು ಕಚೇರಿಯವರು ಹೇಳಬಹುದು. ನಷ್ಟವಾದರೆ ಚುನಾವಣೆಯನ್ನು ಬೇಗ ನಡೆಸಲಿ. ಅದೇ ಅದಕ್ಕೆ ಮದ್ದು. ವ್ಯಾಪಾರಿಗಳು ಹೆದ್ದಾರಿಯ ಕಾಮಗಾರಿಯಿಂದಲೂ ಮೇಲ್ಸೇತುವೆಯಿಂದಲೂ ತಮ್ಮ ಗಿರಾಕಿ ಕಡಿಮೆಯಾಯಿತು, ತೆರಿಗೆಯನ್ನು ಏರಿಸಬೇಡಿರೆಂದು ಹೇಳಬಹುದು. ಅವರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಕುಂದಾಪುರದ ಮೇಲ್ಸೇತುವೆಯು ಸಂಚಾರಕ್ಕೆ ತೆರೆದ 2021ರ ವರೆಗೆ ಪೇಟೆಯು ಧೂಳು ಕುಡಿದದ್ದು ನಿಜ. ಆದರೆ ಊರಿನ ಬೊಕ್ಕಸ ಬರಿದಾದರೆ ಮೊದಲು ನಷ್ಟ ಹೊಂದುವುದು ಪೇಟೆಯೇ. ಕಸ ತೆಗೆಯದ ಬೀದಿಗೆ ಗಿರಾಕಿ ಬಾರನು.

ಕರ ಕೊಡುವವನು ಬೇಡುವವನಲ್ಲ, ಪಾಲುಗಾರ. ಪಾಲುಗಾರನು ತನ್ನ ಪಾಲನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಕೊಟ್ಟ ಮೇಲೆ ಲೆಕ್ಕ ಕೇಳದೆ ಎದ್ದುಹೋಗಬಾರದು. ಕುಂದಾಪುರದವರು ತೆರಿಗೆಯ ರಸೀತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಆಯವ್ಯಯದ ಸಭೆಗೆ ಹೋಗಲಿ. ಬೈಂದೂರಿನ ರೈತನಿಗೆ ಅವನ ಗಡಿಯ ಪ್ರಶ್ನೆಗೆ ಉತ್ತರ ಸಿಗಲಿ. ಬ್ರಹ್ಮಾವರವು ಪಟ್ಟಣವಾಗುವುದಾದರೆ ಸಭೆಯೊಡನೆಯೇ ಪಟ್ಟಣವಾಗಲಿ. ರಾಜ್ಯ ಸರಕಾರವು ಪೌರಸಭೆಗಳ ಚುನಾವಣೆಗಳನ್ನು ಸಂವಿಧಾನವು ಹೇಳಿದ ಕಾಲಕ್ಕೆ ನಡೆಸಲಿ. ಅದನ್ನು ಮಾಡದೆ ತೆರಿಗೆಯ ವಸೂಲಾತಿಯಲ್ಲಿ ಊರುಗಳು ಹಿಂದೆ ಬಿದ್ದಿವೆಯೆಂದು ಉಪದೇಶಿಸುವ ಅಧಿಕಾರ ಅದಕ್ಕಿಲ್ಲ.